ಆನ್‌ಲೈನ್ ಖಾತೆಗಳ ರಕ್ಷಣೆ

ಇಮೇಲ್, ಬ್ಯಾಂಕ್, ಯುಪಿಐ, ವಾಟ್ಸ್‌ಆ್ಯಪ್, ಆಧಾರ್, ಭವಿಷ್ಯ ನಿಧಿ, ಡಿಜಿಲಾಕರ್ ಮೊದಲಾದ ಖಾತೆಗಳಿಗೆ ಅವುಗಳ ಒಡೆಯರನ್ನು ಬಿಟ್ಟು ಬೇರೆ ಯಾರೂ ನುಗ್ಗದಂತೆ ಕಾಯುವ ಕ್ರಮಗಳನ್ನು ಒಟ್ಟಾಗಿ ಖಾತೆ ರಕ್ಷಣೆ ಎನ್ನುತ್ತಾರೆ. ಪಾಸ್‌ವರ್ಡ್, ಪಿನ್, ಒಟಿಪಿ, ಬೆರಳಚ್ಚು, ಪಾಸ್‌ಕೀ ಇದರ ಸಾಧನಗಳು. ಈ ಬಗ್ಗೆ ಬರುವ ಸಲಹೆಗಳೆಲ್ಲ ಪಾಸ್‌ವರ್ಡ್ ಎಷ್ಟು ಗಟ್ಟಿಯಾಗಿರಬೇಕು ಎಂಬಲ್ಲಿಂದ ಶುರುವಾಗುತ್ತವೆ. ಶಿವಮೊಗ್ಗ ತಾಲ್ಲೂಕಿನ ಕುಂಸಿಯಂಥ ಹೋಬಳಿ ಊರಿನಲ್ಲಿ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಖಾತೆ ತೆರೆದುಕೊಟ್ಟವರು ಯಾರು, ಅದರ ಪಾಸ್‌ವರ್ಡ್ ಈಗ ಯಾರ ಬಳಿ ಇದೆ?

ಶಿವಮೊಗ್ಗದಿಂದ ಸಾಗರದ ಕಡೆಗೆ ಸುಮಾರು 25 ಕಿ.ಮೀ. ಹೋದರೆ ಕುಂಸಿ ಸಿಗುತ್ತದೆ. ತಾಳಗುಪ್ಪ ರೈಲು ಮಾರ್ಗದಲ್ಲಿ ನಿಲ್ದಾಣವಿರುವ, ಹಿಂದೆ ಮ್ಯಾಂಗನೀಸ್ ಗಣಿಗೆ ಹೆಸರಾಗಿದ್ದ, ಈಗ ಅಡಿಕೆ, ಶುಂಠಿ, ಮೆಕ್ಕೆಜೋಳದ ಹಳ್ಳಿಗಳಿಗೆ ಹತ್ತಿರದ ಪೇಟೆಯಾದ ಊರು. ಇಲ್ಲಿನ ಒಂದು ರೈತ ಕುಟುಂಬದ ಖಾತೆಗಳನ್ನು ಎಣಿಸುತ್ತ ಹೋದರೆ ಬೇಗ ಹತ್ತು ದಾಟುತ್ತದೆ. ಉಳಿತಾಯ ಖಾತೆ, ಅದಕ್ಕೆ ಜೋಡಿಸಿದ ಫೋನ್‌ಪೇ ಅಥವಾ ಗೂಗಲ್ ಪೇ, ಪಿಎಂ-ಕಿಸಾನ್, ರೈತರ ನೋಂದಣಿಯ ಫ್ರೂಟ್ಸ್, ಗೃಹಲಕ್ಷ್ಮಿ, ಮಕ್ಕಳ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ, ಗ್ಯಾಸ್ ಬುಕಿಂಗ್, ಸೇವಾಸಿಂಧು. ಇವುಗಳಲ್ಲಿ ಮನೆಯವರೇ ಕೈಯಾರೆ ತೆರೆದದ್ದು ಒಂದೋ ಎರಡೋ. ಹೊಸ ಫೋನ್ ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗನೇ ಜಿಮೇಲ್ ಮಾಡಿಕೊಟ್ಟಿರುತ್ತಾನೆ. ಯೋಜನೆಯ ಅರ್ಜಿಯನ್ನು ಗ್ರಾಮ ಒನ್ ಅಥವಾ ಸೈಬರ್ ಸೆಂಟರಿನವರು ತುಂಬಿರುತ್ತಾರೆ. ಯುಪಿಐ ಪಿನ್ ಇಟ್ಟುಕೊಟ್ಟವನು ಅಕ್ಕನ ಮಗ. ಬಹುಪಾಲು ಮಂದಿ ಪ್ರಾಮಾಣಿಕರೇ. ಆದರೂ ಒಡೆಯರಿಗೆ ಗೊತ್ತಿಲ್ಲದ ಪಾಸ್‌ವರ್ಡ್ ಎಷ್ಟೇ ಗಟ್ಟಿಯಾಗಿದ್ದರೂ ಒಡೆಯರನ್ನು ಕಾಯಲಾರದು. ಫೋನ್ ಕಳೆದುಹೋದ ದಿನ ಅದು ಅವರನ್ನೇ ಹೊರಗೆ ನಿಲ್ಲಿಸುತ್ತದೆ.

ಪಾಸ್‌ವರ್ಡ್ ಬಂದ ಬಗೆ

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ. ಅಲ್ಲಿ ಫರ್ನಾಂಡೊ ಕಾರ್ಬಟೊ ಅವರ ತಂಡ ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಕಟ್ಟಿತು. ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಿರಲೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದ ಕೊಟ್ಟರು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿ, ತಮಗೆ ಗೊತ್ತುಪಡಿಸಿದ ಕಂಪ್ಯೂಟರ್ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಮುದ್ರಿಸಿಕೊಂಡರು. ಪಾಸ್‌ವರ್ಡಿನಷ್ಟೇ ಹಳೆಯದು ಪಾಸ್‌ವರ್ಡ್ ಸೋರಿಕೆ.

ಪಾಸ್‌ವರ್ಡನ್ನು ಇದ್ದ ಹಾಗೇ ಬರೆದಿಡಬಾರದು ಎಂಬ ತಿಳಿವಳಿಕೆ ಬಂದದ್ದು ಆಮೇಲೆ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್ ಅನುಭವದಿಂದ ಬರೆದ ಪ್ರಬಂಧ ಈ ವಿಷಯದ ಮೂಲಪಾಠ. ಪಾಸ್‌ವರ್ಡನ್ನು ಹಿಂದಿರುಗಿಸಲಾಗದ ಗಣಿತಕ್ರಿಯೆಗೆ ಹಾಕಿದರೆ ಹ್ಯಾಶ್ ಎಂಬ ಅಕ್ಷರಸಾಲು ಬರುತ್ತದೆ. ವೆಬ್‌ಸೈಟ್ ಅದನ್ನಷ್ಟೇ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ನೀವು ಪಾಸ್‌ವರ್ಡ್ ಕೊಟ್ಟಾಗ ಅದನ್ನೂ ಹಾಗೆಯೇ ಹ್ಯಾಶ್ ಮಾಡಿ ಎರಡನ್ನೂ ಹೋಲಿಸುತ್ತದೆ. ಒಂದೇ ಪಾಸ್‌ವರ್ಡ್ ಇಟ್ಟುಕೊಂಡ ಇಬ್ಬರ ಹ್ಯಾಶ್ ಬೇರೆಬೇರೆ ಬರಲೆಂದು ಪ್ರತಿ ಖಾತೆಗೂ ಸಾಲ್ಟ್ ಎಂಬ ಒಂದಿಷ್ಟು ಯಾದೃಚ್ಛಿಕ ಅಕ್ಷರಗಳನ್ನು ಬೆರೆಸುತ್ತಾರೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ ಹ್ಯಾಶ್‌ಗಳಿಗೆ ಸಾಲ್ಟ್ ಇರಲಿಲ್ಲ. 2009ರಲ್ಲಿ ರಾಕ್‌ಯು ಎಂಬ ಕಂಪನಿಯಿಂದ ಹೋದ 3 ಕೋಟಿ 20 ಲಕ್ಷ ಪಾಸ್‌ವರ್ಡ್‌ಗಳಿಗಂತೂ ಹ್ಯಾಶ್ ಕೂಡ ಇರಲಿಲ್ಲ, ಇದ್ದ ಹಾಗೇ ಸಿಕ್ಕವು. ಅವುಗಳಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದು 123456. ಆ ಪಟ್ಟಿಯನ್ನು ಇವತ್ತಿಗೂ ಪಾಸ್‌ವರ್ಡ್ ಊಹಿಸುವವರು ಮೊದಲ ಹತಾರವಾಗಿ ಬಳಸುತ್ತಾರೆ.

ಉದ್ದ ಯಾಕೆ ಮುಖ್ಯ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಇಂಗ್ಲಿಷಿನ ಸಣ್ಣಕ್ಷರಗಳನ್ನು ಮಾತ್ರ ಬಳಸಿ ಎಂಟಕ್ಷರದ ಪಾಸ್‌ವರ್ಡ್ ಮಾಡಿದರೆ ಒಟ್ಟು ಸಾಧ್ಯತೆ 26ರ ಎಂಟನೇ ಘಾತ, ಅಂದರೆ ಸುಮಾರು 20,882 ಕೋಟಿ. ಕೇಳಲು ದೊಡ್ಡ ಸಂಖ್ಯೆಯೇ. ಆದರೆ 2022ರಲ್ಲಿ ಮಾರುಕಟ್ಟೆಗೆ ಬಂದ ಆರ್‌ಟಿಎಕ್ಸ್ 4090 ಎಂಬ, ಮಕ್ಕಳು ಗೇಮ್ ಆಡಲು ಕೊಳ್ಳುವ ಒಂದೇ ಒಂದು ಗ್ರಾಫಿಕ್ಸ್ ಕಾರ್ಡ್, ಎಂಡಿ5 ಎಂಬ ಹಳೆಯ ಹ್ಯಾಶ್‌ನಲ್ಲಿ ಸೆಕೆಂಡಿಗೆ ಸುಮಾರು 16,000 ಕೋಟಿ ಊಹೆ ಮಾಡುತ್ತದೆ. ಎರಡು ಸೆಕೆಂಡಿನೊಳಗೆ ಆ ಎಲ್ಲ ಸಾಧ್ಯತೆಗಳೂ ಮುಗಿದವು. ವೆಬ್‌ಸೈಟಿನವರು ಬಿಕ್ರಿಪ್ಟ್ ಎಂಬ, ಬೇಕೆಂದೇ ನಿಧಾನವಾಗಿಸಿದ ಹ್ಯಾಶ್ ಬಳಸಿದ್ದರೆ ಅದೇ ಕಾರ್ಡ್ ಸೆಕೆಂಡಿಗೆ ಎರಡು ಲಕ್ಷಕ್ಕಿಂತ ಕಡಿಮೆ ಊಹೆಗೆ ಇಳಿಯುತ್ತದೆ, ಅದೇ ಕೆಲಸಕ್ಕೆ ಹದಿಮೂರು ದಿನ ಬೇಕಾಗುತ್ತದೆ. ಯಾವ ವೆಬ್‌ಸೈಟ್ ಯಾವ ಹ್ಯಾಶ್ ಬಳಸಿದೆ ಎಂಬುದು ಬಳಕೆದಾರರಿಗೆ ಗೊತ್ತಾಗುವುದಿಲ್ಲ. ಅವರ ಕೈಯಲ್ಲಿರುವುದು ಪಾಸ್‌ವರ್ಡಿನ ಉದ್ದ ಮಾತ್ರ.

ಹಾಗಾದರೆ ಎಟಿಎಂಗೆ ನಾಲ್ಕಂಕಿಯ ಪಿನ್ ಹೇಗೆ ಸಾಕಾಗುತ್ತದೆ? ಅಲ್ಲಿ ಕೆಲವೇ ಸಲ ತಪ್ಪಿದರೆ ಕಾರ್ಡ್ ತಡೆಹಿಡಿಯುತ್ತದೆ, ಜೊತೆಗೆ ಕಾರ್ಡ್ ಕೈಯಲ್ಲಿರಬೇಕು. ಹತ್ತು ಸಾವಿರ ಸಾಧ್ಯತೆಗಳನ್ನು ಕೂತು ಪರೀಕ್ಷಿಸಲು ಯಂತ್ರ ಬಿಡುವುದಿಲ್ಲ. ಆದರೆ ಹುಟ್ಟಿದ ವರ್ಷ, ಬೈಕಿನ ನಂಬರು, 1234 ಇವನ್ನೇ ಇಟ್ಟರೆ ಪರಿಚಯದವರಿಗೆ ಮೂರು ಪ್ರಯತ್ನವೂ ಬೇಡ.

ಗಟ್ಟಿ ಪಾಸ್‌ವರ್ಡ್, ಕನ್ನಡದಲ್ಲಿ

ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ನಾಲ್ಕೂ ಇರಲಿ, ಆಗಾಗ ಬದಲಿಸಿ ಎಂಬ ನಿಯಮ ಜಗತ್ತಿಗೆಲ್ಲ ಹರಡಿದ್ದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2003ರಲ್ಲಿ ಹೊರತಂದ ಕೈಪಿಡಿಯಿಂದ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ತಾವು ಹೇಳಿದ್ದರಲ್ಲಿ ಬಹಳಷ್ಟಕ್ಕೆ ಈಗ ವಿಷಾದವಿದೆ ಎಂದು ಪತ್ರಿಕೆಗೆ ತಿಳಿಸಿದರು. ಜನ ಮಾಡಿದ್ದು ಇಷ್ಟೇ: ಮೊದಲಕ್ಷರ ದೊಡ್ಡದು, ಕೊನೆಗೆ @123, ಬದಲಿಸು ಎಂದಾಗ @124. ನಮ್ಮಲ್ಲಿ ‘ಇಂಡಿಯಾ@123’, ‘ಪಾಸ್@123’ ಇವು ಸೋರಿದ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ನಾಲ್ಕು ಷರತ್ತನ್ನೂ ಅವು ಪೂರೈಸುತ್ತವೆ, ಕಾಯುವ ಶಕ್ತಿ ಮಾತ್ರ ಇಲ್ಲ. 2017ರಲ್ಲಿ ನಿಸ್ಟ್ ಬೆರಕೆಯ ಷರತ್ತನ್ನೂ ಆಗಾಗ ಬದಲಿಸುವ ಷರತ್ತನ್ನೂ ಕೈಬಿಡಲು ಹೇಳಿತು. 2025ರ ಪರಿಷ್ಕರಣೆಯಲ್ಲಿ, ಪಾಸ್‌ವರ್ಡೊಂದೇ ಕಾವಲಾಗಿದ್ದರೆ ಕನಿಷ್ಠ 15 ಅಕ್ಷರ, ಜೊತೆಗೆ ಒಟಿಪಿಯಂಥ ಎರಡನೇ ಪರೀಕ್ಷೆ ಇದ್ದರೆ ಕನಿಷ್ಠ 8 ಎಂದು ಗೊತ್ತುಮಾಡಿತು. ಸೋರಿಕೆಯ ಸುಳಿವು ಸಿಕ್ಕಾಗ ಮಾತ್ರ ಬದಲಿಸಬೇಕು. ನಮ್ಮ ಹಲವು ಸರ್ಕಾರಿ ಪೋರ್ಟಲ್‌ಗಳು, ಬ್ಯಾಂಕ್‌ಗಳು ಇನ್ನೂ 2003ರ ನಿಯಮದಲ್ಲೇ ಇವೆ, ಹೀಗಾಗಿ ಎರಡು ರೀತಿಯ ಸಲಹೆಗಳ ನಡುವೆ ಜನ ಗೊಂದಲಕ್ಕೆ ಬೀಳುತ್ತಾರೆ.

ಉದ್ದವೂ ಇರಬೇಕು, ನೆನಪಿನಲ್ಲೂ ಉಳಿಯಬೇಕು ಎಂದರೆ ಸಂಬಂಧವಿಲ್ಲದ ನಾಲ್ಕೈದು ಪದಗಳ ಸರಣಿ ಒಳ್ಳೆಯ ದಾರಿ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ರೂಪಿಸಿದ ಡೈಸ್‌ವೇರ್ ಕ್ರಮದಲ್ಲಿ 7,776 ಪದಗಳ ಪಟ್ಟಿಯಿಂದ ದಾಳ ಎಸೆದು ಪದ ಆರಿಸುತ್ತಾರೆ. ಅಲ್ಲಿ ನಾಲ್ಕು ಪದಗಳಿಗೇ ಸುಮಾರು 36 ಕೋಟಿ ಕೋಟಿ ಸಾಧ್ಯತೆಗಳಾಗುತ್ತವೆ, ಪ್ರತಿ ಹೊಸ ಪದ ಅದನ್ನು ಏಳು ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಿಸುತ್ತದೆ. ಕನ್ನಡಿಗರಿಗೆ ಇದು ಇನ್ನೂ ಸುಲಭ. ಸಂಕ್ಷಿಪ್ತ ಕನ್ನಡ ನಿಘಂಟನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟಲ್ಲಿ ಸಿಕ್ಕ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರಾಯಿತು: ಗುದ್ದಲಿ, ಹೊಂಬಾಳೆ, ಸೀಮೆಎಣ್ಣೆ, ತೊಟ್ಟಿಲು ಎಂಬಂತೆ. (ಇಲ್ಲಿ ಅಚ್ಚಾದ ಕಾರಣಕ್ಕೇ ಈ ನಾಲ್ಕನ್ನು ಬಳಸಬಾರದು.) ಪದಗಳನ್ನು ಮನಸ್ಸಿನಿಂದ ಆರಿಸಬಾರದು, ಮನಸ್ಸು ಮಕ್ಕಳ ಹೆಸರಿಗೆ, ಮನೆದೇವರಿಗೆ, ಊರಿಗೆ ಓಡುತ್ತದೆ. ದೇವರ ಹೆಸರುಗಳು, ನಟರ ಹೆಸರುಗಳು, ಎಲ್ಲರ ಬಾಯಲ್ಲಿರುವ ಹಾಡಿನ ಮೊದಲ ಸಾಲು, ಗಾದೆ ಇವೆಲ್ಲ ಊಹಿಸುವವರ ಪಟ್ಟಿಗೆ ಸೇರಿಹೋಗಿವೆ ಎಂದೇ ಇಟ್ಟುಕೊಳ್ಳಬೇಕು.

ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಇಡಬಹುದೇ? ನಿಸ್ಟ್ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಯುನಿಕೋಡಿನ ಒಳಗಿನ ಒಂದು ಸಂಗತಿ ತಿಳಿದಿರಬೇಕು. ‘ಕೋ’ ಎಂಬ ಅಕ್ಷರವನ್ನು ಕಂಪ್ಯೂಟರ್ ಎರಡು ರೀತಿ ಬರೆದಿಟ್ಟುಕೊಳ್ಳಬಲ್ಲದು: ‘ಕ’ದ ಮುಂದೆ ಓಕಾರದ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ, ಊಕಾರ, ದೀರ್ಘ ಎಂದು ಬಿಡಿಬಿಡಿಯಾಗಿ. ಪರದೆಯ ಮೇಲೆ ಎರಡೂ ಒಂದೇ, ಹ್ಯಾಶ್ ಮಾತ್ರ ಪೂರಾ ಬೇರೆ. ವೆಬ್‌ಸೈಟ್ ಎರಡನ್ನೂ ಒಂದು ರೂಪಕ್ಕೆ ತಂದುಕೊಳ್ಳದಿದ್ದರೆ ಸರಿಯಾದ ಪಾಸ್‌ವರ್ಡೂ ತಪ್ಪೆನಿಸುತ್ತದೆ. ‘ಪಾಸ್‌ವರ್ಡ್’ ಎಂದು ಬರೆಯುವಾಗ ‘ಸ್’ ಮತ್ತು ‘ವ’ ಕೂಡಿ ಒತ್ತಕ್ಷರವಾಗದಂತೆ ನಡುವೆ ಒಂದು ಅದೃಶ್ಯ ಅಕ್ಷರ ಇರುತ್ತದೆ. ಅದನ್ನು ಒಂದು ಕೀಲಿಮಣೆ ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಫೋನಿನಲ್ಲಿ ಇಟ್ಟ ಕನ್ನಡ ಪಾಸ್‌ವರ್ಡ್ ಕಂಪ್ಯೂಟರಿನಲ್ಲಿ ತೆರೆಯದೆ ಕಾಡುವುದು ಹೀಗೆ. ನಮ್ಮ ಬ್ಯಾಂಕ್, ಸರ್ಕಾರದ ಪೋರ್ಟಲ್‌ಗಳು ಕನ್ನಡದ ಪಾಸ್‌ವರ್ಡನ್ನು ಸರಿಯಾಗಿ ಸ್ವೀಕರಿಸುವಂತಾಗಬೇಕು. ಕನ್ನಡ ಮಾತ್ರ ಓದಬಲ್ಲ ಒಬ್ಬ ಹಿರಿಯರಿಗೆ ಇಂಗ್ಲಿಷ್ ಅಕ್ಷರದ ಪಾಸ್‌ವರ್ಡ್ ಎಂದರೆ ಇನ್ನೊಬ್ಬರ ಕೈಗೆ ಕೊಟ್ಟ ಪಾಸ್‌ವರ್ಡ್. ಪೋರ್ಟಲ್‌ಗಳು ಸರಿಯಾಗುವವರೆಗೆ ಪದ ಕನ್ನಡದ್ದು, ಅಕ್ಷರ ಇಂಗ್ಲಿಷಿನದು ಎಂಬ ಹೊಂದಾಣಿಕೆಯೇ ಗತಿ.

ಒಂದೇ ಪಾಸ್‌ವರ್ಡ್, ಹತ್ತು ಖಾತೆ

ಯಾಹೂ 2013ರಲ್ಲಿ ತನ್ನ 300 ಕೋಟಿ ಖಾತೆಗಳ ವಿವರ ಕಳೆದುಕೊಂಡಿತು. ಪೂರ್ತಿ ಸಂಖ್ಯೆ ಹೊರಬಂದದ್ದು ನಾಲ್ಕು ವರ್ಷದ ಮೇಲೆ, 2017ರಲ್ಲಿ. ಒಂದು ಕಡೆ ಸೋರಿದ ಇಮೇಲ್ ಮತ್ತು ಪಾಸ್‌ವರ್ಡಿನ ಜೋಡಿಯನ್ನು ಕಳ್ಳರು ಯಂತ್ರದ ಮೂಲಕ ನೂರಾರು ಕಡೆ ಹಾಕಿ ನೋಡುತ್ತಾರೆ. ಶಾಪಿಂಗ್ ಆ್ಯಪ್‌ಗೂ ಜಿಮೇಲ್‌ಗೂ ಒಂದೇ ಪಾಸ್‌ವರ್ಡ್ ಇಟ್ಟವರು ಸಿಕ್ಕಿಬೀಳುವುದು ಇಲ್ಲಿ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರ ಡಿಸೆಂಬರಿನಲ್ಲಿ ಆರಂಭಿಸಿದ ‘ಹ್ಯಾವ್ ಐ ಬೀನ್ ಪೋನ್ಡ್’ ತಾಣದಲ್ಲಿ ಇಮೇಲ್ ವಿಳಾಸ ಕೊಟ್ಟರೆ ಅದು ಯಾವ ಯಾವ ಸೋರಿಕೆಯಲ್ಲಿ ಸೇರಿದೆ ಎಂದು ಉಚಿತವಾಗಿ ತಿಳಿಯಬಹುದು.

ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಬೇಕೆಂದ ಮೇಲೆ ಎಲ್ಲವನ್ನೂ ನೆನಪಿಡಿ ಎನ್ನುವುದು ಆಗದ ಮಾತು. ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶ ಈ ಕೆಲಸಕ್ಕಿದೆ: ಗೂಗಲ್, ಆಪಲ್ ಫೋನುಗಳಲ್ಲಿ ಒಳಗೇ ಬರುವಂಥದ್ದು, ಬಿಟ್‌ವಾರ್ಡನ್, ಕೀಪಾಸ್ ಇತ್ಯಾದಿ. ಇದಕ್ಕೆ ಇನ್ನೊಂದು ಪ್ರಯೋಜನವೂ ಇದೆ, ವಿಳಾಸ ಒಂದಕ್ಷರ ಬೇರೆಯಾದರೂ ನಕಲಿ ತಾಣದಲ್ಲಿ ಅದು ಪಾಸ್‌ವರ್ಡ್ ತುಂಬುವುದಿಲ್ಲ. ಕಣ್ಣು ಮೋಸಹೋಗುವ ಕಡೆ ಅದು ಮೋಸಹೋಗುವುದಿಲ್ಲ. ಹಾಗೆಂದು ಇದೂ ಅಭೇದ್ಯವಲ್ಲ: 2022ರಲ್ಲಿ ಇಂಥದೇ ತಂತ್ರಾಂಶ ಕೊಡುವ ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ಗೂಢಲಿಪೀಕರಿಸಿದ ಸಂಗ್ರಹಗಳೇ ಕಳವಾದವು. ಅಂಥ ಸಂದರ್ಭದಲ್ಲಿ ಉಳಿಸುವುದು ಆ ಸಂಗ್ರಹವನ್ನು ತೆರೆಯುವ ಮುಖ್ಯ ಪಾಸ್‌ವರ್ಡಿನ ಉದ್ದ.

ತಂತ್ರಾಂಶ ಒಗ್ಗದ ಹಿರಿಯರಿಗೆ ಒಂದು ನೋಟ್‌ಬುಕ್ ಸಾಕು. ಬರೆದಿಡಬೇಡಿ ಎಂದು ದಶಕಗಳ ಕಾಲ ಹೇಳಿದ್ದು ಕಚೇರಿಯ ಮೇಜಿಗೆ ಚೀಟಿ ಅಂಟಿಸುವವರಿಗಾಗಿ. ಕುಂಸಿಯ ಮನೆಯೊಂದರ ಬೀರುವಿನಲ್ಲಿ, ಪಾಸ್‌ಬುಕ್ ಮತ್ತು ಪಹಣಿಯ ಜೊತೆ ಇಟ್ಟ ಪುಸ್ತಕಕ್ಕೆ ಇನ್ನೊಂದು ರಾಜ್ಯದಲ್ಲಿ ಕೂತ ವಂಚಕರು ಕೈಚಾಚಲಾರರು. ಫೋನಿನ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ‘ಎಟಿಎಂ’ ಎಂಬ ಹೆಸರಿನಲ್ಲಿ ಪಿನ್ ಬರೆದಿಡುವುದು, ಎಟಿಎಂ ಕಾರ್ಡಿನ ಕವರಿನ ಮೇಲೆ ಬರೆಯುವುದು, ವಾಟ್ಸ್‌ಆ್ಯಪ್‌ನಲ್ಲಿ ಮಗನಿಗೆ ಫೋಟೋ ಕಳಿಸುವುದು ಇವು ಮಾತ್ರ ಕೂಡದು.

ಒಟಿಪಿ ಬರುವ ನಂಬರು

ಪಾಸ್‌ವರ್ಡ್ ಸೋತರೂ ಖಾತೆ ಉಳಿಯಲಿ ಎಂದು ಎರಡನೇ ಪರೀಕ್ಷೆ ಇಡುತ್ತಾರೆ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದಲೇ ಆನ್‌ಲೈನ್ ಕಾರ್ಡ್ ಪಾವತಿಗೆ ಇದನ್ನು ಕಡ್ಡಾಯ ಮಾಡಿತು. ಒಟಿಪಿ ನಮ್ಮ ಆಡುಮಾತಿಗೆ ಬಂದದ್ದು ಹಾಗೆ. ಗೂಗಲ್ ಅಥೆಂಟಿಕೇಟರಿನಂಥ ಆ್ಯಪ್‌ಗಳು 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯನ್ನು ಫೋನಿನಲ್ಲೇ ಹುಟ್ಟಿಸುತ್ತವೆ. ಅದಕ್ಕೆ ಸಿಗ್ನಲ್ಲೂ ಬೇಡ, ಸಿಮ್ಮೂ ಬೇಡ, ಆದ್ದರಿಂದ ಎಸ್‌ಎಂಎಸ್‌ಗಿಂತ ಅದು ಗಟ್ಟಿ. ಮಲೆನಾಡಿನ ತೋಟದ ಮನೆಗಳಲ್ಲಿ ಸಿಗ್ನಲ್ ಹುಡುಕಿಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ಎಸ್‌ಎಂಎಸ್ ಒಟಿಪಿಯ ಅವಧಿ ಮುಗಿಯುವುದುಂಟು, ಅಂಥವರಿಗೆ ಇದು ಬಹಳ ಉಪಯೋಗ. ಗೂಗಲ್ ಖಾತೆಗೆ ಎಂಟಂಕಿಯ ಹತ್ತು ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿಕೊಳ್ಳುವ ಸೌಲಭ್ಯವೂ ಇದೆ. ಒಂದೊಂದನ್ನು ಒಂದೇ ಸಲ ಬಳಸಬಹುದು. ಮೇಲೆ ಹೇಳಿದ ನೋಟ್‌ಬುಕ್ಕಿಗೆ ಅಂಟಿಸಿಡಲು ಇದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.

ಹಳ್ಳಿಗಳಲ್ಲಿ ಖಾತೆ ಕೈತಪ್ಪುವುದಕ್ಕೆ ಹ್ಯಾಕರ್‌ಗಿಂತ ದೊಡ್ಡ ಕಾರಣ ರೀಚಾರ್ಜ್. ದರ ಏರಿದ ಮೇಲೆ ಎರಡನೇ ಸಿಮ್ಮಿಗೆ ದುಡ್ಡು ಹಾಕುವುದನ್ನು ಅನೇಕರು ಬಿಟ್ಟರು. 90 ದಿನ ಬಳಕೆಯಿಲ್ಲದ ಸಿಮ್ ಅನ್ನು ಕಂಪನಿ ನಿಷ್ಕ್ರಿಯಗೊಳಿಸಬಹುದು. ಕಡಿದುಹೋದ ನಂಬರನ್ನು ಮತ್ತೆ 90 ದಿನ ಯಾರಿಗೂ ಕೊಡುವಂತಿಲ್ಲ, ಆಮೇಲೆ ಅದು ಬೇರೆ ಗ್ರಾಹಕರಿಗೆ ಹೋಗುತ್ತದೆ. ಆ ನಂಬರಿಗೆ ಜೋಡಿಸಿದ ಜಿಮೇಲ್, ಫೇಸ್‌ಬುಕ್, ಪಿಎಫ್ ಖಾತೆಗಳ ಒಟಿಪಿ ಇನ್ನು ಮುಂದೆ ಆ ಅಪರಿಚಿತರ ಫೋನಿಗೆ. ಭದ್ರಾವತಿಯ ಕಾರ್ಖಾನೆಗಳಿಂದ ನಿವೃತ್ತರಾದವರ ಪಿಎಫ್ ಖಾತೆಗೆ ಕೆಲಸದಲ್ಲಿದ್ದಾಗಿನ ಹಳೆಯ ನಂಬರೇ ಅಂಟಿಕೊಂಡಿರುವುದು ಅಪರೂಪವೇನಲ್ಲ. ನಂಬರು ಬಿಡುವ ಮೊದಲು ಬ್ಯಾಂಕ್, ಆಧಾರ್, ಇಮೇಲ್ ಮೂರರಲ್ಲಾದರೂ ಹೊಸ ನಂಬರು ಸೇರಿಸಬೇಕು. ಆಧಾರ್‌ನ ನಂಬರು ಎಲ್ಲಕ್ಕಿಂತ ಮೊದಲು, ಯಾಕೆಂದರೆ ಡಿಜಿಲಾಕರ್‌ನಿಂದ ಸೇವಾಸಿಂಧುವಿನವರೆಗೆ ಉಳಿದ ಬಾಗಿಲುಗಳು ಅದರ ಒಟಿಪಿಯಿಂದಲೇ ತೆರೆದುಕೊಳ್ಳುತ್ತವೆ.

ನಿಮ್ಮ ನಂಬರಿಗೆ ನಕಲಿ ದಾಖಲೆ ಕೊಟ್ಟು ಹೊಸ ಸಿಮ್ ಪಡೆಯುವುದು ಸಿಮ್ ಸ್ವಾಪ್. ಇದನ್ನು ತಡೆಯಲೆಂದು, ಸಿಮ್ ಬದಲಿಸಿದ ಏಳು ದಿನ ಆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವಂತಿಲ್ಲ ಎಂಬ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಫೋನಿನಲ್ಲಿ ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ಸಿಗ್ನಲ್ ಹೋಗಿ, ಪಕ್ಕದವರ ಅದೇ ಕಂಪನಿಯ ಫೋನಿಗೆ ಸಿಗ್ನಲ್ ಇದ್ದರೆ ಕೂಡಲೇ ವಿಚಾರಿಸಬೇಕು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಿ, ನಮ್ಮದಲ್ಲದ್ದನ್ನು ಅಲ್ಲೇ ತಿಳಿಸಬಹುದು. ಕಳೆದ ಫೋನನ್ನು ಯಾವ ಸಿಮ್ ಹಾಕಿದರೂ ನಡೆಯದಂತೆ ಮಾಡುವ ಸಿಇಐಆರ್ ಸೇವೆಯೂ ಅದರಲ್ಲೇ ಇದೆ. ಇದನ್ನು ಬಳಸಿ ಕರ್ನಾಟಕದ ಜಿಲ್ಲಾ ಪೊಲೀಸರು ಫೋನುಗಳನ್ನು ಪತ್ತೆಹಚ್ಚಿ ಒಡೆಯರಿಗೆ ಮರಳಿಸುತ್ತಿದ್ದಾರೆ.

ವಾಟ್ಸ್‌ಆ್ಯಪ್ ಖಾತೆಗೆ ಪಾಸ್‌ವರ್ಡ್ ಇಲ್ಲ, ಆರಂಕಿಯ ನೋಂದಣಿ ಕೋಡ್ ಒಂದೇ ಬಾಗಿಲು. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಪಿನ್ ಇಡುವುದು, ಲಿಂಕ್ಡ್ ಡಿವೈಸಸ್ ಪಟ್ಟಿಯಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಇದೆಯೇ ಎಂದು ಆಗಾಗ ನೋಡುವುದು ಅಗತ್ಯ. ಪಾರ್ಸೆಲ್ ಬಂದಿದೆ, ಈ ಕೋಡ್ ಒತ್ತಿ ಕರೆ ಮಾಡಿ ಎಂದು ಹೇಳುವವರು ನಿಮ್ಮ ಕರೆಗಳನ್ನು ತಮ್ಮ ಕಡೆ ತಿರುಗಿಸಿಕೊಂಡು, ಕರೆಯ ಮೂಲಕ ಬರುವ ಕೋಡ್ ಕೇಳಿಸಿಕೊಳ್ಳುತ್ತಾರೆ. ಕರೆ ಎಲ್ಲಿಗಾದರೂ ತಿರುಗಿದೆಯೇ ಎಂದು *#21# ಒತ್ತಿ ನೋಡಬಹುದು.

ಕೌಂಟರಿನ ಆಚೆ

ಈ ವಿಷಯದ ಪುಸ್ತಕಗಳು ಹೆಚ್ಚಾಗಿ ಹೇಳದೆ ಬಿಡುವ ಭಾಗ ಇದು. ರಿಪೇರಿ ಅಂಗಡಿಯಲ್ಲಿ ಫೋನ್ ಕೊಟ್ಟಾಗ ಒಂದು ಚೀಟಿಯಲ್ಲಿ ಹೆಸರು, ನಂಬರು ಬರೆದು, ಪಕ್ಕದಲ್ಲಿ ಒಂಬತ್ತು ಚುಕ್ಕಿ ಇಟ್ಟು, ನೀವು ತೋರಿಸಿದ ಪ್ಯಾಟರ್ನ್ ಲಾಕನ್ನು ಗೆರೆ ಎಳೆದು, ಚೀಟಿಯನ್ನು ಫೋನಿನ ಬೆನ್ನಿಗೇ ಅಂಟಿಸುತ್ತಾರೆ. ಎರಡು ದಿನ ಅದು ಮೇಜಿನ ಮೇಲೆ ಹಾಗೇ ಇರುತ್ತದೆ. ಡಿಸ್‌ಪ್ಲೇ, ಬ್ಯಾಟರಿ ಬದಲಿಸಲು ಲಾಕ್ ತೆರೆಯಲೇಬೇಕೆಂದಿಲ್ಲ. ಸ್ಯಾಮ್‌ಸಂಗ್‌ನ ಹಲವು ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್, ಗೂಗಲ್ ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಇದೆ. ಅದನ್ನು ಹಾಕಿಕೊಟ್ಟರೆ ರಿಪೇರಿಯವರಿಗೆ ಫೋನ್ ಪರೀಕ್ಷಿಸಲು ಬರುತ್ತದೆ, ಫೋಟೋ, ಮೆಸೇಜ್, ಆ್ಯಪ್ ಕಾಣುವುದಿಲ್ಲ. ಆ ಸೌಲಭ್ಯ ಇಲ್ಲದ ಫೋನಾದರೆ ಸಿಮ್ ತೆಗೆದಿಟ್ಟುಕೊಂಡು, ಕೂತು ಮಾಡಿಸಿಕೊಂಡು, ವಾಪಸ್ ಬಂದ ದಿನ ಪ್ಯಾಟರ್ನ್ ಬದಲಿಸಬೇಕು.

ಅರ್ಜಿ ಹಾಕಿಸುವ ಕೇಂದ್ರಗಳಲ್ಲಿ ‘ಒಂದು ಒಟಿಪಿ ಬರುತ್ತೆ ನೋಡಿ ಅಣ್ಣ, ಹೇಳಿ’ ಎನ್ನುವುದು ದಿನದ ಮಾತು. ಅಲ್ಲಿ ಒಟಿಪಿ ಹೇಳದೆ ಕೆಲಸ ಆಗುವುದಿಲ್ಲ. ಹೀಗಿರುವಾಗ ‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ಜಾಹೀರಾತು ಜನರನ್ನು ಅರ್ಧದಾರಿಯಲ್ಲಿ ಬಿಡುತ್ತದೆ. ಹೇಳಿಕೊಡಬೇಕಾದ ಅಭ್ಯಾಸ ಬೇರೆ: ಮೆಸೇಜನ್ನು ಪೂರ್ತಿ ಓದಬೇಕು, ಓದಲು ಬಾರದಿದ್ದರೆ ಮನೆಯ ಓದು ಬಲ್ಲವರನ್ನು ಕರೆದುಕೊಂಡು ಹೋಗಬೇಕು. ಯಾರು ಕಳಿಸಿದ್ದು, ಯಾವ ಕೆಲಸಕ್ಕೆ, ಎಷ್ಟು ಹಣ ಎಂಬುದು ಒಟಿಪಿಯ ಜೊತೆಗೇ ಬರೆದಿರುತ್ತದೆ. ಜಾತಿ ಪ್ರಮಾಣಪತ್ರದ ಅರ್ಜಿ ಹಾಕುವಾಗ ಬ್ಯಾಂಕಿನ ಹೆಸರಿನ ಒಟಿಪಿ ಬಂದರೆ ಹೇಳಬಾರದು. ಎದುರಿಗೆ ಕೂತು, ನಾವಾಗಿ ಶುರುಮಾಡಿದ ಕೆಲಸಕ್ಕೆ ಬಂದದ್ದು ಬೇರೆ. ಫೋನಿನಲ್ಲಿ ಅಪರಿಚಿತರು ಕೇಳಿದ್ದು ಬೇರೆ.

ಮೊಬೈಲ್ ಅಂಗಡಿಯಲ್ಲಿ ಮಾಡಿಸಿದ ಜಿಮೇಲ್ ಇದ್ದರೆ ಆ ಖಾತೆಯ ಸೆಟ್ಟಿಂಗ್ಸ್ ತೆರೆದು, ಸೆಕ್ಯುರಿಟಿ ಭಾಗದಲ್ಲಿ ರಿಕವರಿ ಫೋನ್, ರಿಕವರಿ ಇಮೇಲ್ ಯಾರದು ಎಂದು ಇವತ್ತೇ ನೋಡುವುದು ಒಳ್ಳೆಯದು. ಪಾಸ್‌ವರ್ಡ್ ಮರೆತಾಗ ಖಾತೆ ವಾಪಸ್ ಸಿಗುವುದು ಆ ಎರಡರ ಮೂಲಕ. ಅಲ್ಲಿ ಅಂಗಡಿಯವರ ನಂಬರು ಕೂತಿದ್ದರೆ ಖಾತೆ ಅವರದೇ. ಅದನ್ನು ತೆಗೆದು ತಮ್ಮದನ್ನು ಹಾಕಿ, ಆಮೇಲೆ ಪಾಸ್‌ವರ್ಡ್ ಬದಲಿಸಿ, ಕೊನೆಗೆ ಯಾವ ಯಾವ ಫೋನುಗಳಲ್ಲಿ ಖಾತೆ ತೆರೆದಿದೆ ಎಂಬ ಪಟ್ಟಿ ನೋಡಿ ಗೊತ್ತಿಲ್ಲದ್ದನ್ನು ಸೈನ್ ಔಟ್ ಮಾಡಬೇಕು. ಈ ಕ್ರಮ ತಿರುಗಿಸಿದರೆ ಬದಲಿಸಿದ ಪಾಸ್‌ವರ್ಡನ್ನು ಹಳೆಯ ರಿಕವರಿ ನಂಬರಿನಿಂದ ಮತ್ತೆ ಬದಲಿಸಿಬಿಡಬಹುದು.

ಬೆರಳಚ್ಚು

ಪಾಸ್‌ವರ್ಡಿಗೆ ಬದಲು ಬೆರಳಚ್ಚು ಬಳಸುವುದರಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ. 2001ರ ಹೊತ್ತಿಗೆ ತಾಲ್ಲೂಕು ಕಚೇರಿಗಳಲ್ಲಿ ನೆಲೆಯೂರಿದ ಭೂಮಿ ಯೋಜನೆಯಲ್ಲಿ, ಪಹಣಿ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಪಾಸ್‌ವರ್ಡ್ ಆಗಿದ್ದರೆ ‘ಯಾರೋ ನನ್ನದನ್ನು ಬಳಸಿದರು’ ಎನ್ನಲು ದಾರಿ ಇರುತ್ತಿತ್ತು. ಯಾರ ಕೈಯಿಂದ ತಿದ್ದುಪಡಿ ಆಯಿತು ಎಂಬುದು ದಾಖಲಾಗಲಿ ಎಂಬುದೇ ಉದ್ದೇಶ.

ಎರಡು ದಶಕದ ಮೇಲೆ ಅದರ ಇನ್ನೊಂದು ಮುಖ ಕಂಡಿತು. ಆಧಾರ್ ನಂಬರು ಮತ್ತು ಬೆರಳಚ್ಚಿನಿಂದ ಬ್ಯಾಂಕ್ ಖಾತೆಯ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಗೆ ಪಿನ್ನೂ ಬೇಡ, ಒಟಿಪಿಯೂ ಬೇಡ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ, ಆಸ್ತಿ ನೋಂದಣಿ ಮಾಡಿಸಿದ ಜನರ ಖಾತೆಗಳಿಂದ ಹೀಗೆ ಹಣ ಹೋದ ದೂರುಗಳು ಒಂದರ ಹಿಂದೆ ಒಂದು ಬಂದವು. ಕ್ರಯಪತ್ರಗಳ ಪ್ರತಿಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ನಂಬರು ಬಳಸಿ ನಕಲಿ ಬೆರಳಚ್ಚು ತಯಾರಿಸಿದ್ದು ತನಿಖೆಯಲ್ಲಿ ಹೊರಬಿತ್ತು. ಹೊರರಾಜ್ಯದ ಆರೋಪಿಗಳ ಬಂಧನವಾಯಿತು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸುವುದು ಹೇಗೆ? ಹಾಗಾಗಿ ಬೆರಳಚ್ಚನ್ನು ಬೀಗ ಹಾಕಿಡುವುದೊಂದೇ ದಾರಿ. ಎಂಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ಪ್ರಾಧಿಕಾರದ ತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಪಡಿತರಕ್ಕೆ ಅಥವಾ ಸಿಮ್ಮಿಗೆ ಹೆಬ್ಬೆಟ್ಟು ಕೊಡಬೇಕಾದಾಗ ಸ್ವಲ್ಪ ಹೊತ್ತು ತೆರೆದರೆ ತಾನಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಪ್ರತಿ ತಿಂಗಳು ನ್ಯಾಯಬೆಲೆ ಅಂಗಡಿಗೆ ಹೋಗುವ ಅಜ್ಜಿಗೆ ಇದು ತೊಡಕು, ಮನೆಯಲ್ಲಿ ಒಬ್ಬರು ಆ ಕೆಲಸ ವಹಿಸಿಕೊಳ್ಳಬೇಕಾಗುತ್ತದೆ. ಫೋನ್ ತೆರೆಯಲು ಕೊಡುವ ಬೆರಳಚ್ಚು ಇದಕ್ಕಿಂತ ಬೇರೆ, ಅದು ಫೋನಿನೊಳಗೇ ಉಳಿಯುತ್ತದೆ.

ಬಲೆಗಳು

ಪಿಎಂ-ಕಿಸಾನ್ ಕಂತು, ವಾಹನದ ದಂಡ, ಮದುವೆ ಆಮಂತ್ರಣ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಎಂಬ, ಆ್ಯಪ್ ಇನ್‌ಸ್ಟಾಲ್ ಮಾಡುವ ಕಡತಗಳು ಈಗಿನ ದೊಡ್ಡ ಪಿಡುಗು. ಒತ್ತಿ ಇನ್‌ಸ್ಟಾಲ್ ಮಾಡಿದರೆ ಅದು ಎಸ್‌ಎಂಎಸ್ ಓದುವ ಅನುಮತಿ ಪಡೆದು ಒಟಿಪಿಗಳನ್ನು ಕಳ್ಳರಿಗೆ ರವಾನಿಸುತ್ತದೆ. ಆಮೇಲೆ ನಿಮ್ಮ ನಂಬರಿನಿಂದಲೇ ಊರಿನ ಗುಂಪುಗಳಿಗೆಲ್ಲ ಅದೇ ಕಡತ ಹೋಗುತ್ತದೆ. ಗೊತ್ತಿದ್ದವರು ಕಳಿಸಿದ್ದಾರೆ ಎಂಬ ನಂಬಿಕೆಯೇ ಅದರ ಬಂಡವಾಳ. ಪ್ಲೇ ಸ್ಟೋರ್ ಬಿಟ್ಟು ಬೇರೆಡೆಯಿಂದ ಬಂದ ಆ್ಯಪ್ ಯಾವುದೂ ಬೇಡ. ಬ್ಯಾಂಕುಗಳ ತಾಣಗಳ ವಿಳಾಸ ‘.ಬ್ಯಾಂಕ್.ಇನ್’ ಎಂದೇ ಮುಗಿಯಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು, ನಕಲಿ ಗುರುತಿಸಲು ಅದೊಂದು ಆಧಾರ. ಯುಪಿಐನಲ್ಲಿ ಪಿನ್ ಬೇಕಾಗುವುದು ಹಣ ಹೋಗುವಾಗ ಅಥವಾ ಬಾಕಿ ನೋಡುವಾಗ. ಹಣ ಬರಲು ಪಿನ್ ಒತ್ತಿ ಎಂದವರು ಕಳ್ಳರೇ.

ಹಣ ಹೋದಾಗ

ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತ ಎಟಿಎಂ ತಲುಪುವ ಮೊದಲೇ ತಡೆಹಿಡಿಯಲು ಬ್ಯಾಂಕುಗಳನ್ನೂ ಪೊಲೀಸರನ್ನೂ ಜೋಡಿಸಿದ ವ್ಯವಸ್ಥೆ ಅದರ ಹಿಂದೆ ಇದೆ, ಆದ್ದರಿಂದ ಮೊದಲ ಒಂದೆರಡು ಗಂಟೆ ಬಹು ಮುಖ್ಯ. ಬ್ಯಾಂಕಿಗೂ ಕೂಡಲೇ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ. ಗ್ರಾಹಕರೇ ಒಟಿಪಿ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ಅವರದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅವಮಾನವೆಂದು ಮನೆಯವರಿಗೂ ಹೇಳದೆ ಎರಡು ದಿನ ನುಂಗಿಕೊಂಡು ಕೂರುವುದರಿಂದ ಹಾಳಾಗುವುದು ಈ ಅವಕಾಶ. ಮೋಸಹೋದವರನ್ನು ಬೈಯುವ ಮನೆಗಳಲ್ಲಿ ದೂರು ತಡವಾಗುತ್ತದೆ.

ಇನ್ನೊಬ್ಬರ ಪಾಸ್‌ವರ್ಡ್ ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಸೆರೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡಕ್ಕೆ ಗುರಿಮಾಡುವ ಅಪರಾಧ. ದೇಶದ ಮೊದಲ ಸೈಬರ್ ಅಪರಾಧ ಠಾಣೆ ಆರಂಭವಾದದ್ದು 2001ರಲ್ಲಿ, ಬೆಂಗಳೂರಿನಲ್ಲಿ. ಈಗ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆ ಜಿಲ್ಲೆಗೊಂದು ಇದ್ದು, ಕುಂಸಿಯವರಿಗೆ ಅದು ಶಿವಮೊಗ್ಗದಲ್ಲಿ.

ಪಾಸ್‌ಕೀ, ವಾರಸುದಾರಿಕೆ

2022ರಿಂದ ಪಾಸ್‌ವರ್ಡನ್ನೇ ಬಿಡುವ ಪಾಸ್‌ಕೀ ಕ್ರಮ ಹರಡುತ್ತಿದೆ, ಗೂಗಲ್ 2023ರ ಮೇ ತಿಂಗಳಲ್ಲಿ ಅದನ್ನು ವೈಯಕ್ತಿಕ ಖಾತೆಗಳಿಗೆ ತಂದಿತು. ಗುಟ್ಟಿನ ಕೀ ಫೋನಿನಲ್ಲೇ ಇರುತ್ತದೆ, ತಾಣದ ಬಳಿ ಅದರ ಬಹಿರಂಗ ಜೋಡಿ ಮಾತ್ರ. ತಾಣ ಲೂಟಿಯಾದರೂ ಕದಿಯಲು ಏನೂ ಇಲ್ಲ, ನಕಲಿ ತಾಣಕ್ಕೆ ಅದು ಉತ್ತರಿಸುವುದೂ ಇಲ್ಲ. ಟೈಪ್ ಮಾಡುವುದಕ್ಕೆ ಏನೂ ಇಲ್ಲದ ಕಾರಣ ಇಂಗ್ಲಿಷ್ ಬಾರದ ಹಿರಿಯರಿಗೆ ಇದು ಪಾಸ್‌ವರ್ಡಿಗಿಂತ ಒಗ್ಗುತ್ತದೆ. ಮನೆಗೆಲ್ಲ ಒಂದೇ ಫೋನ್, ಎಲ್ಲರಿಗೂ ಅದರ ಲಾಕ್ ಗೊತ್ತು ಎಂಬ ಕಡೆ ಮಾತ್ರ ಪಾಸ್‌ಕೀ ಕೂಡ ಎಲ್ಲರದೂ ಆಗುತ್ತದೆ.

ಒಡೆಯರು ತೀರಿಕೊಂಡ ಮೇಲೆ ಖಾತೆಗಳ ಗತಿ ಏನು ಎಂಬುದನ್ನೂ ಬದುಕಿದ್ದಾಗಲೇ ಗೊತ್ತುಮಾಡಬೇಕು. ಅಪ್ಪನ ಪಿನ್ ಗೊತ್ತೆಂದು ಅವರ ಕಾಲಾನಂತರ ಯುಪಿಐನಿಂದ ಹಣ ತೆಗೆಯುವುದು ಸರಿಯಾದ ದಾರಿಯಲ್ಲ, ಆ ಹಣ ನಾಮಿನಿಯ ಮೂಲಕ ಬರಬೇಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಎರಡು ವರ್ಷ ಬಳಸದ ವೈಯಕ್ತಿಕ ಗೂಗಲ್ ಖಾತೆಯನ್ನು, ಅದರಲ್ಲಿನ ಫೋಟೋಗಳ ಸಮೇತ, ಅಳಿಸುವ ನೀತಿ 2023ರ ಡಿಸೆಂಬರಿನಿಂದ ಜಾರಿಗೆ ಬಂದಿದೆ. ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಎಂಬ ಸೌಲಭ್ಯದಲ್ಲಿ, 3ರಿಂದ 18 ತಿಂಗಳ ನಡುವೆ ನಾವು ಗೊತ್ತುಮಾಡಿದಷ್ಟು ಕಾಲ ಖಾತೆ ಸುಮ್ಮನಿದ್ದರೆ, ನಾವು ಹೆಸರಿಸಿದ ಹತ್ತು ಜನರವರೆಗೆ ಫೋಟೋ, ಮೇಲ್, ಕಡತಗಳು ತಲುಪುವಂತೆ ಮಾಡಿಡಬಹುದು.